ಅಪ್ಪನ ಒಲೆ: ಮೊದಲು ಜೀರಿಗೆ ಡಬ್ಬಿ ಹುಡುಕಿ

ವಿಜಯಪುರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಂಡತಿ ಸ್ಟಾಫ್ ನರ್ಸ್. ಮಧ್ಯಾಹ್ನದ ಪಾಳಿ ಇದ್ದ ದಿನ ಅವಳು ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಮಗಳು ಏಳನೇ ಇಯತ್ತೆ, ಮಗ ಮೂರನೇದು. ಐದು ವರ್ಷದಿಂದ ನಮ್ಮ ಮನೆಯ ರಾತ್ರಿ ಊಟ ನನ್ನ ಪಾಲಿಗೆ ಬಂದಿದೆ.

ಮೊದಲ ವಾರ ದಿನಕ್ಕೆ ಮೂರು ಸಲ ಅವಳಿಗೆ ಫೋನ್ ಮಾಡುತ್ತಿದ್ದೆ. ಜೀರಿಗೆ ಎಲ್ಲಿ? ಹುಣಸೆಹಣ್ಣು ಎಲ್ಲಿ? ಒಂದು ದಿನ ವಾರ್ಡಿನಲ್ಲಿ ಏನು ಗಡಿಬಿಡಿ ಇತ್ತೋ, "ಕಣ್ಣ ಮುಂದ ಐತ್ರಿ, ನೋಡ್ರಿ" ಎಂದು ಫೋನ್ ಇಟ್ಟೇಬಿಟ್ಟಳು. ನಿಜವಾಗಲೂ ಕಣ್ಣ ಮುಂದೆಯೇ ಇತ್ತು. ಹಳೇ ಹಾರ್ಲಿಕ್ಸ್ ಬಾಟಲಿಯೊಳಗೆ. ಆ ರಾತ್ರಿ ಎಲ್ಲ ಡಬ್ಬಿ ಕೆಳಗಿಳಿಸಿ, ಅಂಗಡಿಯ ಹಾಳೆ ಕತ್ತರಿಸಿ ಚೀಟಿ ಅಂಟಿಸಿದೆವು. ಆಗ ಎರಡನೇ ಇಯತ್ತೆಯಲ್ಲಿದ್ದ ಮಗಳು ಹೆಸರು ಬರೆದಳು. "ಜಿರಗಿ" ಅಂತ ಅವಳು ಬರೆದ ಚೀಟಿ ಇವತ್ತಿಗೂ ಹಾಗೇ ಇದೆ. ಅಡುಗೆ ಕಲಿಯಬೇಕು ಅನ್ನುವ ಅಪ್ಪಂದಿರಿಗೆಲ್ಲ ನಾನು ಮೊದಲು ಹೇಳುವುದು ಇದೇ ಕೆಲಸ. ಒಲೆ ಹಚ್ಚುವುದು ಆಮೇಲೆ.

ಈ ಸಲದ ಪತ್ರಗಳಿಗೆ ಬರೋಣ.

ನಾನು ಬ್ಯಾಂಕಿನಲ್ಲಿದ್ದೇನೆ. ಹೆಂಡತಿಗೆ ಹುಬ್ಬಳ್ಳಿಗೆ ವರ್ಗವಾಗಿದೆ, ಶನಿವಾರ ಬರುತ್ತಾಳೆ. ಮಕ್ಕಳಿಬ್ಬರೂ ನನ್ನ ಹತ್ತಿರವೇ. ನನಗೆ ಬರುವುದು ಚಹಾ, ಆಮ್ಲೆಟ್ ಅಷ್ಟೇ. ಎಲ್ಲಿಂದ ಶುರು ಮಾಡಲಿ?
— ಬ್ಯಾಂಕ್ ನೌಕರ, ನವನಗರ, ಬಾಗಲಕೋಟೆ

ಝುಣಕದಿಂದ ಶುರು ಮಾಡಿ ಸರ್. ತರಕಾರಿ ತಂದಿಲ್ಲ ಅಂದರೂ ಆಗುತ್ತದೆ, 20 ನಿಮಿಷದ ಕೆಲಸ.

ಮೂರು ಜನಕ್ಕೆ 1 ಬಟ್ಟಲು ಕಡಲೆ ಹಿಟ್ಟು, ಒಟ್ಟು 2½ ಬಟ್ಟಲು ನೀರು. ಹಿಟ್ಟಿಗೆ ಮೊದಲೇ 1 ಬಟ್ಟಲು ತಣ್ಣೀರು ಹಾಕಿ, ಒಂದೂ ಗಂಟು ಇಲ್ಲದ ಹಾಗೆ ಕಲಸಿ ಪಕ್ಕಕ್ಕಿಡಿ. ಬಾಣಲೆಯಲ್ಲಿ 3 ಚಮಚ ಎಣ್ಣೆ. ಕುಸುಬಿ ಎಣ್ಣೆ ಸಿಕ್ಕರೆ ರುಚಿಯೇ ಬೇರೆ. ಸಾಸಿವೆ ಸಿಡಿದ ಮೇಲೆ ಜೀರಿಗೆ, ಜಜ್ಜಿದ 8 ಎಸಳು ಬಳ್ಳೊಳ್ಳಿ, 3 ಹಸಿ ಮೆಣಸಿನಕಾಯಿ, ಕರಿಬೇವು, ಹೆಚ್ಚಿದ 2 ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದರೆ ಸಾಕು, ಕೆಂಪಗಾಗುವುದು ಬೇಡ. ಅರಿಷಿಣ, ಉಪ್ಪು, ಉಳಿದ ಒಂದೂವರೆ ಬಟ್ಟಲು ನೀರು ಹಾಕಿ ಕುದಿಸಿ. ಈಗ ಉರಿ ಸಣ್ಣ ಮಾಡಿ, ಒಂದು ಕೈಯಿಂದ ಕಲಸಿದ ಹಿಟ್ಟು ಸುರಿಯುತ್ತ ಇನ್ನೊಂದು ಕೈಯಿಂದ ತಿರುವಿ. ಎರಡೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಆದರೆ ಗಟ್ಟಿಯಾಯಿತು ಅಂದರೆ ಬೆಂದಿತು ಅಂತಲ್ಲ. ಮುಚ್ಚಳ ಮುಚ್ಚಿ ಇನ್ನೂ 5-6 ನಿಮಿಷ ಬಿಡಿ. ಹಸಿ ಹಿಟ್ಟಿನ ವಾಸನೆ ಹೋಗಿ ಒಗ್ಗರಣೆಯ ವಾಸನೆ ಬರಬೇಕು. ಮೇಲೆ ಕೊತ್ತಂಬರಿ.

ನಾನು ಮೊದಲ ಸಲ ಒಣ ಹಿಟ್ಟನ್ನೇ ಕುದಿಯುವ ನೀರಿಗೆ ಸುರಿದಿದ್ದೆ. ಗೋಲಿ ಗುಂಡಿನಂಥ ಗಂಟುಗಳಾದವು. ಮಗಳು ಒಂದನ್ನು ಒಡೆದು, ಒಳಗಿದ್ದ ಒಣ ಹಿಟ್ಟನ್ನು ನನಗೇ ತೋರಿಸಿದಳು. ನಮ್ಮ ಅವ್ವ ಇವತ್ತಿಗೂ ಒಣ ಹಿಟ್ಟೇ ಉದುರಿಸುತ್ತಾಳೆ, ಒಂದು ಗಂಟೂ ಆಗುವುದಿಲ್ಲ. ಅದು 50 ವರ್ಷದ ಕೈ. ನಾವು ಮೊದಲೇ ಕಲಸಿಕೊಳ್ಳೋಣ.

ರೊಟ್ಟಿ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಡೆ ಊರೂರಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿದ್ದಾರೆ. ಬಿಸಿ ರೊಟ್ಟಿ ಅಂದಂದಿಗೆ ತನ್ನಿ. ಖಡಕ್ ರೊಟ್ಟಿ ಒಂದು ಕಟ್ಟು ತಂದಿಟ್ಟರೆ ವಾರಗಟ್ಟಲೆ ಇರುತ್ತದೆ, ತೇವ ತಾಗಬಾರದು ಅಷ್ಟೇ.

ಇನ್ನೊಂದು ಮಾತು. ಎರಡು ತಿಂಗಳು ನಾಲ್ಕೇ ಅಡುಗೆ ಮಾಡಿ: ಝುಣಕ, ಬೇಳೆ ಸಾರು ಅನ್ನ, ಮೊಳಕೆ ಕಾಳಿನ ಪಲ್ಯ, ಖಿಚಡಿ. ಮೊಬೈಲಿನಲ್ಲಿ ನೋಡಿ ದಿನಕ್ಕೊಂದು ಹೊಸದು ಮಾಡಲು ಹೋಗಬೇಡಿ. ಎಂಟಕ್ಕೆ ತಟ್ಟೆ ಹಾಕಿದರೆ ನಿನ್ನೆಯ ಝುಣಕವನ್ನೇ ಮಕ್ಕಳು ತಿನ್ನುತ್ತವೆ. ಒಂಬತ್ತೂವರೆ ಆದರೆ ಬಿರಿಯಾನಿ ಇಟ್ಟರೂ ತೂಕಡಿಸುತ್ತವೆ.

ಜೋಳದ ರೊಟ್ಟಿ ಬಡಿಯಲು ಹೋದರೆ ಅಂಚು ಸೀಳುತ್ತದೆ, ಎತ್ತುವಾಗ ಹರಿಯುತ್ತದೆ. ಚಪಾತಿ ಚೆನ್ನಾಗಿಯೇ ಮಾಡುತ್ತೇನೆ. ತಪ್ಪು ಎಲ್ಲಿ?
— ಇಬ್ಬರು ಹೆಣ್ಣುಮಕ್ಕಳ ತಂದೆ, ಬಸವನ ಬಾಗೇವಾಡಿ

ಚಪಾತಿ ಬರುತ್ತದೆ ಅನ್ನುವುದೇ ತೊಂದರೆ! ಗೋಧಿ ಹಿಟ್ಟನ್ನು ನಾದಿದ ಹಾಗೆ ಜೋಳದ ಹಿಟ್ಟನ್ನು ತಣ್ಣೀರಲ್ಲಿ ನಾದುತ್ತಿದ್ದೀರಿ ಅನಿಸುತ್ತದೆ. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಅಂಟು ಇದೆ, ನಾದಿದಷ್ಟೂ ಅದು ಎಳೆ ಎಳೆಯಾಗಿ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರ್ಧ ಬೆಂದು ಗಂಜಿಯ ಹಾಗೆ ಅಂಟುತ್ತದಲ್ಲ, ರೊಟ್ಟಿ ನಿಂತಿರುವುದು ಅದರ ಮೇಲೆ. ನಮ್ಮ ಹೆಣ್ಣುಮಕ್ಕಳು "ಜಿಗಿ" ಅನ್ನುವುದು ಇದನ್ನೇ.

ನಾನು ಕಲಿತದ್ದು ಅವ್ವನಿಂದ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಕೊನೆಗೆ ಹಳ್ಳಿಯಿಂದ ಬಸ್ ಹತ್ತಿ ಬಂದಳು. ನಮ್ಮ ಹಳ್ಳಿ ಡೋಣಿ ಹೊಳೆಯ ದಂಡೆಗೆ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅನ್ನುವ ಸೀಮೆ. ಅಲ್ಲಿ ಹುಟ್ಟಿ ರೊಟ್ಟಿ ಬರದ ಮಗ! ಪರಾತದಲ್ಲಿ ಹಿಟ್ಟಿಟ್ಟುಕೊಂಡು ಕೂತೆ. ನೀರಿಗೆ ಸಣ್ಣ ಗುಳ್ಳೆ ಬಂದದ್ದೇ ತಡ, ಎತ್ತಲು ಹೋದೆ. "ತಡಿಯೋ, ಇನ್ನೂ ಕುದ್ದಿಲ್ಲದು. ಮಾತಾಡಾಕತ್ತೈತಿ ಅಷ್ಟ. ಒದರಲಿ" ಎಂದಳು. ಒದರಲಿ ಅಂದರೆ ಕೊತ ಕೊತ ಕುದಿಯಲಿ ಅಂತ. ನನ್ನ ಅದುವರೆಗಿನ ಎಲ್ಲ ರೊಟ್ಟಿ ಹರಿದದ್ದು ಆ ಒಂದು ನಿಮಿಷದ ಅವಸರಕ್ಕೆ.

1 ಬಟ್ಟಲು ಹಿಟ್ಟಿಗೆ 1 ಬಟ್ಟಲಿಗೆ ಸ್ವಲ್ಪ ಕಡಿಮೆ ನೀರು, ಚಿಟಿಕೆ ಉಪ್ಪು. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿನೀರು ಸುರಿದು, ಸೌಟಿನ ಹಿಡಿಕೆಯಿಂದ ತಿರುವಿ, 5 ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಬೇಕು. ಎಲ್ಲವನ್ನೂ ಒಟ್ಟಿಗೆ ಬೇಡ. ಎರಡು ರೊಟ್ಟಿಗಾಗುವಷ್ಟು ಹಿಟ್ಟು ಎಳೆದುಕೊಂಡು, ಕೈಗೆ ನೀರು ಸವರಿಕೊಂಡು, ಅಂಗೈ ಬುಡದಿಂದ ಒತ್ತಿ ಒತ್ತಿ ತಿಕ್ಕಿ. ಉಂಡೆ ಕಟ್ಟಿ ಬೆರಳಿನಿಂದ ಒತ್ತಿ ನೋಡಿ. ಅಂಚು ಸೀಳಿದರೆ ಇನ್ನೊಂದಿಷ್ಟು ನೀರು, ಇನ್ನೊಂದಿಷ್ಟು ನಾದುವುದು. ಉಂಡೆ ಹಂತದಲ್ಲಿ ಸೀಳಿದ್ದು ರೊಟ್ಟಿ ಹಂತದಲ್ಲಿ ಕೂಡುವುದಿಲ್ಲ.

ಕೆಳಗೆ ಒಣ ಹಿಟ್ಟು ಧಾರಾಳ ಇರಲಿ. ನಡುವೆ ಬಡಿಯಬೇಡಿ, ಅಂಚಿನ ಕಡೆ ಬಡಿಯುತ್ತ ತಿರುಗಿಸಿ. ಶುರುವಿನಲ್ಲಿ ಅಂಗೈಯಗಲದ ಸಣ್ಣ ರೊಟ್ಟಿ ಸಾಕು, ಪರಾತದಗಲ ಮಾಡಲು ಹೋಗಿಯೇ ನಾವು ಕೆಡುವುದು. ಒಣ ಹಿಟ್ಟು ಹತ್ತಿದ ಬದಿ ಮೇಲೆ ಬರುವ ಹಾಗೆ ಕಾದ ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ. ನೀರು ಆರುತ್ತಿದ್ದ ಹಾಗೆ ತಿರುವಿ ಹಾಕಿ. ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕಾಯಬೇಡಿ, ಆಮೇಲೆ ಉಬ್ಬುವುದಿಲ್ಲ.

ಹಿಟ್ಟನ್ನೂ ನೋಡಿ. ಹಳೇ ಹಿಟ್ಟಿಗೆ ಜಿಗಿ ಇರುವುದಿಲ್ಲ. ನಾನು ಒಮ್ಮೆಗೆ 2 ಕೆಜಿ ಮಾತ್ರ ಬೀಸಿಸುತ್ತೇನೆ. ಹಿಂಗಾರಿನ ಬಿಳಿ ಜೋಳ, ಅದರಲ್ಲೂ ಮಾಲದಂಡಿ ತಳಿ ಸಿಕ್ಕರೆ ಅದೇ. ಗಿರಣಿಯವನಿಗೆ ಸಣ್ಣಗೆ ಬೀಸು ಅಂತ ಹೇಳಲು ಮರೆಯಬೇಡಿ.

ನನ್ನ ಮೊದಲ ರೊಟ್ಟಿ ನೋಡಿ ಮಗಳು, "ಅಪ್ಪಾ, ಗ್ವಾಡಿ ಸುಣ್ಣ ಉದುರಿದಂಗ ಐತಿ" ಎಂದಿದ್ದಳು. ಅದನ್ನೇ ಮುರಿದು ಬಿಸಿ ಸಾರಿಗೆ ಹಾಕಿ ತಿಂದೆವು. ಹರಿದ ರೊಟ್ಟಿಗೆ ಅದೇ ದಾರಿ.

ಬೇಳೆ ಬೇಯುವುದೇ ಇಲ್ಲ. 6 ಸೀಟಿ ಹೊಡೆಸಿದರೂ ಕಾಳು ಕಾಳು. ಕುಕ್ಕರ್ ಹಾಳಾಗಿದೆಯಾ?
— ಹೈಸ್ಕೂಲ್ ಮೇಷ್ಟ್ರು, ಇಂಡಿ

ಮೇಷ್ಟ್ರೇ, ಕುಕ್ಕರಿಗಿಂತ ಮೊದಲು ನೀರನ್ನು ನೋಡಿ. ಬೋರಿನ ನೀರು ಗಡಸು ಇದ್ದರೆ ಅದರಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಪಾತ್ರೆಗೆ ಬಿಳಿ ಕಲೆ ಕೂರುತ್ತಿದೆ ಅಂದರೆ ಅದೇ ಕಾರಣ ಇರಬಹುದು. ಕುಡಿಯಲು ತರುವ ಕ್ಯಾನಿನ ನೀರಿನಲ್ಲೇ ಬೇಳೆ ನೆನೆಸಿ, ಅದರಲ್ಲೇ ಬೇಯಿಸಿ. ತೊಗರಿ ಬೇಳೆ ಅರ್ಧ ತಾಸು ನೆಂದರೆ 4 ಸೀಟಿ ಸಾಕು. ಟೊಮೆಟೊ, ಹುಣಸೆಹುಳಿ ಮೊದಲೇ ಹಾಕುತ್ತಿದ್ದರೆ ನಿಲ್ಲಿಸಿ. ಹುಳಿ ಸೇರಿದರೆ ಬೇಳೆ ಬೇಯಲು ಹಟ ಮಾಡುತ್ತದೆ. ಬೆಂದ ಮೇಲೆ ಹಾಕಿ. ಬೇಳೆ ಹಾಕಿದಾಗ ಕುಕ್ಕರ್ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಎದ್ದು ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ತೊಳೆಯುವಾಗ ಆ ತೂತಿನೊಳಗೆ ಬೆಳಕು ಕಾಣುತ್ತದೋ ಇಲ್ಲವೋ ಅಂತ ಒಮ್ಮೆ ಎತ್ತಿ ನೋಡುವ ರೂಢಿ ಮಾಡಿಕೊಳ್ಳಿ.

ನನಗೆ 63. ಹೆಂಡತಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ. ಮಗ-ಸೊಸೆ ಪುಣೆಯಲ್ಲಿ. ಮೊಮ್ಮಗ ರಜೆಗೆ ನಮ್ಮಲ್ಲೇ ಇದ್ದಾನೆ. ಈ ವಯಸ್ಸಲ್ಲಿ ಒಲೆ ಮುಂದೆ ನಿಂತರೆ ಗಲ್ಲಿಯವರು ನಗುತ್ತಾರೆ ಅಂತ ಸಂಕೋಚ.
— ನಿವೃತ್ತ ನೌಕರರು, ಶಹಾಪುರ, ಬೆಳಗಾವಿ

ಕಾಕಾ, ಗಲ್ಲಿಯವರು ಒಂದು ದಿನ ನಗುತ್ತಾರೆ. ಊಟ ಆರು ವಾರ ಬೇಕಲ್ಲ.

ಮೊದಲು ಒಂದು ಕುರ್ಚಿ ಅಡುಗೆಮನೆ ಬಾಗಿಲಲ್ಲಿ ಹಾಕಿ ಕಾಕೂ ಅವರನ್ನು ಕೂರಿಸಿ. ಅವರು ಬಾಯಲ್ಲಿ ಹೇಳಲಿ, ನೀವು ಕೈಯಲ್ಲಿ ಮಾಡಿ. "ಸ್ವಲ್ಪ ಉಪ್ಪು" ಎಂದರೆ ಎಷ್ಟು ಅಂತ ಕೇಳಿ, ಚಮಚದಲ್ಲಿ ತೋರಿಸಿ, ಬರೆದಿಟ್ಟುಕೊಳ್ಳಿ. ಅಳತೆ ಅವರ ಕೈಗೆ ಗೊತ್ತು, ಬಾಯಿಗೆ ಬರುವುದಿಲ್ಲ. ನಮ್ಮ ಅವ್ವನೂ ಹಾಗೇ. ಅವಳ "ಚೂರು" ಅನ್ನುವುದು ಒಂದು ದಿನ ಅರ್ಧ ಚಮಚ, ಇನ್ನೊಂದು ದಿನ ಒಂದೂವರೆ.

ನಿಮಗೆ ಖಿಚಡಿ ಒಳ್ಳೆಯದು, ಮೊಮ್ಮಗನೂ ತಿನ್ನುತ್ತಾನೆ, ಕಾಕೂ ಅವರಿಗೆ ಎಡಗೈಯಲ್ಲಿ ಚಮಚ ಹಿಡಿದು ತಿನ್ನಲೂ ಸುಲಭ. 1 ಬಟ್ಟಲು ಅಕ್ಕಿ, ಅರ್ಧ ಬಟ್ಟಲು ಹೆಸರು ಬೇಳೆ ತೊಳೆದಿಡಿ. ಕುಕ್ಕರಿನಲ್ಲೇ 2 ಚಮಚ ತುಪ್ಪ, ಜೀರಿಗೆ, ನಾಲ್ಕು ಮೆಣಸಿನ ಕಾಳು, ಜಜ್ಜಿದ ಶುಂಠಿ, ಒಂದು ಆಲೂಗಡ್ಡೆ, ಅರಿಷಿಣ. ಅಕ್ಕಿ ಬೇಳೆ ಎರಡು ನಿಮಿಷ ಹುರಿದು, 4½ ಬಟ್ಟಲು ನೀರು, ಉಪ್ಪು. 4 ಸೀಟಿ. ತಾನಾಗಿ ಗಾಳಿ ಇಳಿದ ಮೇಲೆಯೇ ಮುಚ್ಚಳ ತೆಗೆಯಿರಿ. ಅವಸರಕ್ಕೆ ಸೀಟಿ ಎತ್ತಬೇಡಿ ಕಾಕಾ, ಬಿಸಿ ನೀರು ಕೈಗೆ ಹಾರುತ್ತದೆ. ಒಂದು ಮನೆಯಲ್ಲಿ ಎರಡು ಪ್ಲಾಸ್ಟರ್ ಬೇಡ. ನಿಮ್ಮ ಕಡೆಯ ಬೆಳಗಾವಿ ಬಾಸಮತಿ ಮನೆಯಲ್ಲಿದ್ದರೆ ಅದನ್ನು ಖಿಚಡಿಗೆ ಹಾಕಿ ಮುದ್ದೆ ಮಾಡಬೇಡಿ, ಬರೀ ಅನ್ನಕ್ಕೆ ಇಟ್ಟುಕೊಳ್ಳಿ.

ತಣ್ಣಗಾದ ಮೇಲೆ ಖಿಚಡಿ ಗಟ್ಟಿಯಾಗುತ್ತದೆ. ಬಡಿಸುವ ಮೊದಲು ಬಿಸಿನೀರು ಸ್ವಲ್ಪ ಸೇರಿಸಿ ತಿರುವಿ. ಹಪ್ಪಳವನ್ನು ಮೊಮ್ಮಗನ ಕೈಯಲ್ಲಿ ಚಿಮಟದಿಂದ ಸುಡಿಸಿ, ನೀವು ಪಕ್ಕದಲ್ಲೇ ನಿಂತಿರಿ.

ಖಾರ ಜಾಸ್ತಿ ಆದರೆ ಏನು ಮಾಡುವುದು? ಉಪ್ಪು ಜಾಸ್ತಿ ಆದರೆ?
— ಟ್ರ್ಯಾಕ್ಟರ್ ಮೆಕ್ಯಾನಿಕ್, ಜಮಖಂಡಿ

ಖಾರಕ್ಕೆ ನಮ್ಮ ಮನೆಯ ಔಷಧ ಹುರಿದ ಶೇಂಗಾ ಪುಡಿ. ಎಣ್ಣೆಗಾಯಿ, ಕಾಳಿನ ಪಲ್ಯ, ಸಾರು, ಯಾವುದಕ್ಕಾದರೂ 2 ಚಮಚ ಹಾಕಿ ಕುದಿಸಿ. ತಟ್ಟೆಗೆ ಬಂದ ಮೇಲೆ ಗೊತ್ತಾದರೆ ಗಟ್ಟಿ ಮೊಸರು. ಮಗು ಅಳುತ್ತಿದ್ದರೆ ನೀರು ಕುಡಿಸಿ ಉಪಯೋಗವಿಲ್ಲ. ಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ. ಹಾಲು, ಮೊಸರು ಕೊಡಿ. ಮುಂದಿನ ಸಲ ಖಾರದ ಪುಡಿ ತರುವಾಗ ಬ್ಯಾಡಗಿ ಕೇಳಿ. ಬಣ್ಣ ಕೆಂಪಗೆ ಬರುತ್ತದೆ, ಉರಿ ಕಡಿಮೆ. ಗುಂಟೂರು ಪುಡಿಯನ್ನು ಅದೇ ಅಳತೆಗೆ ಹಾಕಿ ನಾನೊಮ್ಮೆ ಇಡೀ ಮನೆ ಕೆಮ್ಮಿಸಿದ್ದೇನೆ.

ಉಪ್ಪಿಗೆ ಆಲೂಗಡ್ಡೆ ಹಾಕಿದರೆ ಹೀರಿಕೊಳ್ಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಮಾಡಿ ನೋಡಿದೆ, ಆಲೂಗಡ್ಡೆಯೂ ಉಪ್ಪಾಯಿತು, ಸಾರೂ ಉಪ್ಪಾಗಿಯೇ ಉಳಿಯಿತು. ಉಪ್ಪಿಲ್ಲದೆ ಬೇಯಿಸಿದ ಬೇಳೆ ಇನ್ನಷ್ಟು ಸೇರಿಸಿ ಹೆಚ್ಚು ಮಾಡಿ, ಅರ್ಧ ನಾಳೆಗೆ ತೆಗೆದಿಡಿ.

ಮಗ ಬರೀ ನೂಡಲ್ಸ್ ಕೇಳುತ್ತಾನೆ. ಕಾಳು, ಪಲ್ಯ ಮುಟ್ಟುವುದಿಲ್ಲ.
— ಬಟ್ಟೆ ವ್ಯಾಪಾರಿ, ಇಳಕಲ್

ವಾರಕ್ಕೊಂದು ದಿನ ಕೊಟ್ಟುಬಿಡಿ, ಗಜ್ಜರಿ, ಬಟಾಣಿ ಸೇರಿಸಿ. ಉಳಿದ ದಿನಕ್ಕೆ ನಾನು ಕಂಡ ಉಪಾಯ ಅಂದರೆ ಅವರ ಕೈಯಲ್ಲೇ ಕುಟ್ಟಿಸುವುದು. ನಮ್ಮಲ್ಲಿ ಭಾನುವಾರ ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ ದಿನ. ಕಾಲು ಕೆಜಿ ಶೇಂಗಾ ಸಣ್ಣ ಉರಿಯಲ್ಲಿ ನಾನು ಹುರಿಯುತ್ತೇನೆ, ಮಗ ಸಿಪ್ಪೆ ತಿಕ್ಕಿ ಊದುತ್ತಾನೆ. ಅರ್ಧ ಸಿಪ್ಪೆ ನೆಲದ ಮೇಲೆ, ಅದು ಇರಲಿ. 10 ಎಸಳು ಬಳ್ಳೊಳ್ಳಿ, 2 ಚಮಚ ಖಾರದ ಪುಡಿ, 1 ಚಮಚ ಜೀರಿಗೆ, ಉಪ್ಪು ಹಾಕಿ ಕಲ್ಲಿನಲ್ಲಿ ಕುಟ್ಟುತ್ತೇವೆ. ಮಿಕ್ಸರಿನಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಒಂದೇ ಸಮ ಬಿಟ್ಟರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. "ನಾ ಕುಟ್ಟಿದ್ದು" ಅಂತ ಅವನೇ ಎಲ್ಲರ ತಟ್ಟೆಗೆ ಬಡಿಸುತ್ತಾನೆ. ರೊಟ್ಟಿ, ಹಿಂಡಿ, ಮೊಸರು ಇದ್ದರೆ ಪಲ್ಯ ಬಿಟ್ಟ ದಿನವೂ ಹೊಟ್ಟೆ ತುಂಬುತ್ತದೆ.

ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ ಮಾಡಬಹುದಾ?
— ಗುಳೇದಗುಡ್ಡದಿಂದ ಒಬ್ಬರು

ಊಟವಾದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ, ಆರಿಸಿ, ಫ್ರಿಜ್ಜಿನಲ್ಲಿಟ್ಟರೆ ಮಾಡಬಹುದು. ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಇಡೀ ರಾತ್ರಿ ಕಟ್ಟೆಯ ಮೇಲಿಟ್ಟ ಅನ್ನ ಬೇಡ. ಇದು ನನ್ನ ಹೆಂಡತಿಯ ಕಟ್ಟಪ್ಪಣೆ. ಅನ್ನ ಬೇಯಿಸಿದರೂ ಸಾಯದ ಒಂದು ಜಾತಿಯ ಸೂಕ್ಷ್ಮಜೀವಿ ಇದೆ, ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಬಿಡುತ್ತದೆ, ಆಮೇಲೆ ಒಗ್ಗರಣೆ ಹಾಕಿದರೂ ಆ ವಿಷ ಹೋಗುವುದಿಲ್ಲ ಅನ್ನುತ್ತಾಳೆ. ವಾರ್ಡಿನಲ್ಲಿ ವಾಂತಿ ಕೇಸು ನೋಡಿದವಳು, ನಾನು ವಾದ ಮಾಡುವುದಿಲ್ಲ.

ನಮ್ಮ ಮನೆಯವರು ಭಾನುವಾರ ಅಡುಗೆ ಮಾಡುತ್ತಾರೆ. ರುಚಿಯಾಗಿಯೇ ಇರುತ್ತದೆ. ಆದರೆ 14 ಪಾತ್ರೆ ಬಳಸುತ್ತಾರೆ, ಎಣಿಸಿದ್ದೇನೆ. ಆಮೇಲೆ ಟಿವಿ ಮುಂದೆ ಕೂರುತ್ತಾರೆ. ಬೀಗರೆಲ್ಲ "ಎಷ್ಟು ಒಳ್ಳೆ ಗಂಡ" ಅನ್ನುತ್ತಾರೆ. ನಾನು ಏನು ಹೇಳಲಿ?
— ಹೆಸರು ಬೇಡ, ಮುಧೋಳ

ಅಕ್ಕಾರ, ನಿಮ್ಮ ಪತ್ರ ಓದಿ ನನ್ನ ಕಿವಿ ಬಿಸಿಯಾಯಿತು. ಮೊದಲ ಆರು ತಿಂಗಳು ನಾನೂ ಹಾಗೇ ಇದ್ದೆ. ಪಾಳಿ ಮುಗಿಸಿ ಬಂದವಳು ಊಟ ಮಾಡಿ, ಮಾತಾಡದೆ ಸಿಂಕಿನ ಮುಂದೆ ನಿಲ್ಲುತ್ತಿದ್ದಳು. ಒಂದು ರಾತ್ರಿ ಸೀರೆ ಸೆರಗು ಸಿಕ್ಕಿಸಿಕೊಂಡು ಹೊತ್ತಿ ಹಿಡಿದ ಬಾಣಲೆ ತಿಕ್ಕುತ್ತಿದ್ದಳು. ಹೊತ್ತಿಸಿದವನು ನಾನು, ಗಂಟೆ ಹತ್ತೂವರೆ. ಅದನ್ನು ನೋಡಿ ಮಲಗಲು ಆಗಲಿಲ್ಲ.

ಈ ಪುಟವನ್ನು ಕತ್ತರಿಸಿ ಅವರ ಟಿವಿಗೆ ಅಂಟಿಸಿ. ಅಣ್ಣಾರ, ಇದು ನಿಮಗೇ: ಒಗ್ಗರಣೆ ಹಾಕಿದ ಬಾಣಲೆಯಲ್ಲೇ ಪಲ್ಯ ಆಗುತ್ತದೆ, ಹೆಚ್ಚಿದ್ದನ್ನು ಇಡಲು ಐದು ಬಟ್ಟಲು ಬೇಡ, ಊಟದ ತಟ್ಟೆಯಲ್ಲೇ ಗುಂಪು ಮಾಡಿ ಇಡಿ. ಕುಕ್ಕರ್ ಸೀಟಿ ಹೊಡೆಯುವ ಹದಿನೈದು ನಿಮಿಷ ಕೈ ಖಾಲಿ ಇರುತ್ತದೆ, ಆಗ ತೊಳೆಯಿರಿ. ತಳ ಹತ್ತಿದ ಪಾತ್ರೆಗೆ ನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಸಿ ಬಿಟ್ಟರೆ ಬೆಳಿಗ್ಗೆ ತಾನಾಗಿ ಬಿಡುತ್ತದೆ, ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಡಾ ಬೇಡ, ಕಪ್ಪಾಗುತ್ತದೆ. ಸಿಂಕು ಖಾಲಿ ಆಗದೆ ಅಡುಗೆ ಮುಗಿದಿಲ್ಲ. ಭಾನುವಾರವೇ ಯಾಕೆ, ಬುಧವಾರ ಏನು ಕೆಲಸ ಅಂತಲೂ ಒಮ್ಮೆ ಕೇಳಿ ನೋಡಿ ಅಕ್ಕಾರ.

ಅಂಗಡಿ ಮುಚ್ಚಿ ಬರುವುದೇ ಎಂಟೂವರೆಗೆ. ಹತ್ತು ನಿಮಿಷದಲ್ಲಿ ಆಗುವಂಥದ್ದು ಒಂದು ಹೇಳಿ.
— ಕಿರಾಣಿ ಅಂಗಡಿಯವರು, ಮುದ್ದೇಬಿಹಾಳ

ಚುರಮುರಿ ಸೂಸಲ, ಅಂದರೆ ಮಂಡಕ್ಕಿ ಒಗ್ಗರಣೆ. ನಿಮ್ಮ ಅಂಗಡಿಯಲ್ಲೇ ಎಲ್ಲ ಇದೆ. ನಾಲ್ಕು ಜನಕ್ಕೆ ಕಾಲು ಕೆಜಿ ಚುರಮುರಿ. 3 ಚಮಚ ಪುಠಾಣಿಯನ್ನು (ಹುರಿಗಡಲೆ) ಮಿಕ್ಸರಿನಲ್ಲಿ ಪುಡಿ ಮಾಡಿಕೊಳ್ಳಿ. ಎಣ್ಣೆಯಲ್ಲಿ ಮೊದಲು ಒಂದು ಹಿಡಿ ಶೇಂಗಾ ಕರಿದು, ಆಮೇಲೆ ಸಾಸಿವೆ, ಜೀರಿಗೆ, ಕರಿಬೇವು, ಹಸಿ ಮೆಣಸಿನಕಾಯಿ, 2 ಉಳ್ಳಾಗಡ್ಡಿ, 1 ಟೊಮೆಟೊ, ಅರಿಷಿಣ, ಉಪ್ಪು. ಇದು ತಯಾರಾದ ಮೇಲೆಯೇ ಚುರಮುರಿಯನ್ನು ನೀರಿಗೆ ಹಾಕಿ. ಮುಳುಗಿಸಿ, ಎರಡೂ ಕೈಯಿಂದ ಹಿಂಡಿ ತೆಗೆಯುವುದು, ಅಷ್ಟೇ ಹೊತ್ತು. ಫೋನ್ ಬಂತು ಅಂತ ಅತ್ತ ಹೋದರೆ ಗಂಜಿ. ಹಿಂಡಿದ್ದನ್ನು ಬಾಣಲೆಗೆ ಹಾಕಿ, ಪುಠಾಣಿ ಪುಡಿ ಉದುರಿಸಿ, ಎರಡು ನಿಮಿಷ ತಿರುವಿ ಇಳಿಸಿ, ನಿಂಬೆಹಣ್ಣು ಹಿಂಡಿ. ಇಂಡಿ ಊರಿನ ನಿಂಬೆ ಪಕ್ಕದಲ್ಲೇ ಇರುವಾಗ ಬಾಟಲಿ ರಸ ಬೇಡ.

ಸೂಸಲ ಆರಿದರೆ ರಬ್ಬರಿನ ಹಾಗೆ ಆಗುತ್ತದೆ. ಅದಕ್ಕೆ ತಟ್ಟೆ ಮೊದಲು ಹಾಕಿ, ಮಕ್ಕಳ ಕೈ ತೊಳೆಸಿ ಕೂರಿಸಿ, ಆಮೇಲೆ ಚುರಮುರಿಗೆ ನೀರು ಮುಟ್ಟಿಸಿ.